ಹಬೆಗೆ ಒಂದು, ಎಣ್ಣೆಗೆ ಇನ್ನೊಂದು: ಅಡುಗೆಮನೆ ಯಂತ್ರಗಳ ಸೀಲ್‌ಗಳ ಹೋಲಿಕೆ

ಯಂತ್ರದಿಂದ ಹಬೆ, ನೀರು, ಎಣ್ಣೆ ಸೋರದಂತೆ ತಡೆಯುವ ಸೀಲ್ ಕೊಳ್ಳುವವರು ಮೊದಲು ಕೇಳುವುದು ಎಷ್ಟು ಡಿಗ್ರಿ ತಡೆಯುತ್ತದೆ ಅಂತ. ಅದೊಂದೇ ಸಾಲದು. ಸೀಲಿಗೆ ತಾಗುವುದು ಹಬೆಯೋ, ಎಣ್ಣೆಯೋ? ನನಗೆ ಅದೇ ಮೊದಲ ಪ್ರಶ್ನೆ. ನಾಲ್ಕು ಬಗೆಯ ಸೀಲ್ ಉಂಗುರಗಳನ್ನು, ಅಂದರೆ ಓ-ರಿಂಗ್‌ಗಳನ್ನು ಬೇರೆ ಬೇರೆ ಯಂತ್ರಗಳಿಗೆ ಹಾಕಿ, ಮತ್ತೆ ಬಿಚ್ಚಿದಾಗ ಏನಾಗಿದ್ದವು ಅಂತ ನೋಡುತ್ತಾ ಬಂದಿದ್ದೇನೆ.

ನೈಟ್ರೈಲ್ ರಬ್ಬರ್ ಬಹುತೇಕ ಕಿಟ್‌ಗಳಲ್ಲಿ ಇರುವ ಕಪ್ಪು ಉಂಗುರ. ಅಗ್ಗ, ಎಣ್ಣೆಗೆ ಜಗ್ಗುವುದಿಲ್ಲ. ಮಿಕ್ಸರ್‌ನ ಗೇರ್‌ಬಾಕ್ಸಿಗೆ ಇದು ಸಾಕು. ಸುಮಾರು 100 ಡಿಗ್ರಿ ದಾಟಿದ ಕಡೆ ಬಹಳ ಕಾಲ ಇದ್ದರೆ ಗಟ್ಟಿಯಾಗಿ, ಚಪ್ಪಟೆಯಾಗಿ ಹೊರಬರುತ್ತದೆ.

ಹಬೆ ಇದ್ದಲ್ಲಿ ನನ್ನ ಮತ ಇಪಿಡಿಎಂ ಎಂಬ ಕೃತಕ ರಬ್ಬರಿಗೆ. ಕಾಫಿ ಯಂತ್ರದ ಬಾಯ್ಲರ್‌ನಲ್ಲಿ ಗೇಜ್ 1 ಬಾರ್ ತೋರಿಸಿದರೆ ಒಳಗೆ ಸುಮಾರು 120 ಡಿಗ್ರಿ. ಅಲ್ಲಿ ಇಪಿಡಿಎಂ ಆರಾಮಾಗಿ ಇರುತ್ತದೆ. ಪಾತ್ರೆ ತೊಳೆಯುವ ಯಂತ್ರದ ಬಿಸಿನೀರಿಗೂ ಸರಿ. ಆದರೆ ಪೆಟ್ರೋಲಿಯಂ ಗ್ರೀಸ್ ಸವರಿದರೆ ಕಥೆ ಮುಗಿಯಿತು. ಉಬ್ಬಿ, ಮೆತ್ತಗಾಗಿ, ಕೂತ ಜಾಗದಿಂದ ಎದ್ದು ಬರುತ್ತದೆ. ಇದಕ್ಕೆ ಆಹಾರಕ್ಕೆ ತಾಗಿದರೂ ಪರವಾಗಿಲ್ಲದ ಸಿಲಿಕಾನ್ ಗ್ರೀಸ್ ಹಾಕಬೇಕು. ಡಬ್ಬಿಯ ಮೇಲೆ ಎಚ್1 ಗುರುತು ನೋಡಿಕೊಳ್ಳಿ.

ವೈಟಾನ್ (ಫ್ಲೋರಿನ್ ಇರುವ ಕೃತಕ ರಬ್ಬರ್) ಇದಕ್ಕೆ ತದ್ವಿರುದ್ಧ. ಸುಮಾರು 200 ಡಿಗ್ರಿ, ಅದೂ ಕಾದ ಎಣ್ಣೆಯಲ್ಲಿ! ಫ್ರೈಯರ್‌ನ ಡ್ರೈನ್ ವಾಲ್ವ್‌ಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. 200 ಡಿಗ್ರಿ ತಡೆಯುವುದು 120 ಡಿಗ್ರಿ ಹಬೆಗೆ ಹೆದರುತ್ತದಾ ಅಂತ ಅನಿಸುತ್ತದೆ, ಅಲ್ವಾ? ಹೆದರುತ್ತದೆ. ಸಾಮಾನ್ಯ ದರ್ಜೆಯ ವೈಟಾನ್ ಹಬೆಯಲ್ಲಿ ಬೇಗ ಹಾಳಾಗುತ್ತದೆ. ಇನ್ನೊಂದು ತಲೆನೋವು: ನೈಟ್ರೈಲ್, ಇಪಿಡಿಎಂ, ವೈಟಾನ್ ಮೂರೂ ಕಪ್ಪು ಬಣ್ಣದಲ್ಲಿ ಬರುತ್ತವೆ. ಪೊಟ್ಟಣದಿಂದ ತೆಗೆದು ಒಂದೇ ಡಬ್ಬಿಗೆ ಸುರಿದರೆ ದೇವರೇ ಗತಿ.

ಸಿಲಿಕಾನ್ 200 ಡಿಗ್ರಿ ತನಕ ಮೆತ್ತಗೇ ಇರುತ್ತದೆ. ಕಾಫಿ ಯಂತ್ರದ ಗ್ರೂಪ್ ಗ್ಯಾಸ್ಕೆಟ್ ಆಗಿ (ಕಾಫಿಪುಡಿ ತುಂಬುವ ಹಿಡಿ ಯಂತ್ರಕ್ಕೆ ಸೇರುವಲ್ಲಿನ ಸೀಲ್) ನನಗೆ ಇದೇ ಇಷ್ಟ, ಹಿಡಿ ಹಗುರವಾಗಿ ತಿರುಗುತ್ತದೆ. ಮಾಮೂಲಿ ರಬ್ಬರಿನದು ಬಿಸಿಗೆ ಸುಟ್ಟು ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಆದರೆ ಸಿಲಿಕಾನ್ ಸುಲಭವಾಗಿ ಹರಿದುಹೋಗುತ್ತದೆ. ತಿರುಗುವ ವಾಲ್ವ್ ಕಡ್ಡಿಗೆ ಬೇಡವೇ ಬೇಡ. ಇದಕ್ಕೆ ಸಿಲಿಕಾನ್ ಗ್ರೀಸೂ ಬೇಡ, ಉಬ್ಬುತ್ತದೆ.

ಇನ್ನು ಸೀಲ್ ತೆಗೆಯುವ ಪಿಕ್, ಅಂದರೆ ಚೂಪು ಮೂತಿಯ ಸಣ್ಣ ಕಡ್ಡಿ. ಸ್ಟೀಲ್ ಪಿಕ್ ಎಲ್ಲಕ್ಕಿಂತ ಚುರುಕು, ಅದೇ ಅದರ ದೋಷ. ಓ-ರಿಂಗ್ ಕೂರುವ ತೋಡಿನಲ್ಲಿ ಅಡ್ಡಕ್ಕೆ ಒಂದು ಗೀರು ಬಿದ್ದರೂ ಹೊಸ ಸೀಲ್ ಸೋರುತ್ತದೆ. ಪ್ಲಾಸ್ಟಿಕ್ ಪಿಕ್ ಗೀರುವುದಿಲ್ಲ, ಆದರೆ ಗಟ್ಟಿಯಾದ ಸೀಲಿನ ಮುಂದೆ ಬಾಗಿಬಿಡುತ್ತದೆ. ಹಿತ್ತಾಳೆಯದು ನಡುವಿನದು, ಹೆಚ್ಚಿನ ಕೆಲಸ ಅದರಲ್ಲೇ ಆಗುತ್ತದೆ. ಸುಟ್ಟು ಅಂಟಿಕೊಂಡ ಗ್ರೂಪ್ ಗ್ಯಾಸ್ಕೆಟ್‌ಗೆ ಮಾತ್ರ ಪಿಕ್ ಹಿಡಿದು ಸುಮ್ನೆ ಕೆರೆಯುವುದಿಲ್ಲ. ಗ್ಯಾಸ್ಕೆಟ್ಟಿಗೇ ಎದುರುಬದುರು ಎರಡು ಸಣ್ಣ ಸ್ಕ್ರೂ ತಿರುಗಿಸಿ, ಇಕ್ಕಳದಲ್ಲಿ ಎಳೆಯುತ್ತೇನೆ.

ಆಯಿಲ್ ಸೀಲ್ (ತಿರುಗುವ ಕಡ್ಡಿಯ ಸುತ್ತ ಎಣ್ಣೆ ಸೋರದಂತೆ ತಡೆಯುವ ಸೀಲ್) ಕೂರಿಸಲು, ಅದನ್ನು ಒತ್ತಿ ಕೂರಿಸುವ ಬಿಲ್ಲೆಗಳ ಡ್ರೈವರ್ ಸೆಟ್ ಬೇಕಾ, ನಟ್ ತಿರುಗಿಸುವ ಸಾಕೆಟ್ ಸಾಕಾ? ಸೀಲಿನ ಹೊರಅಂಚನ್ನೇ ಒತ್ತುವಷ್ಟು ಅಗಲದ ಸಾಕೆಟ್ ಇದ್ದರೆ ಸಾಕು. ಚಿಕ್ಕದಾದರೆ ನಡುವೆ ಒತ್ತಿ ಸೀಲ್ ಬಾಗುತ್ತದೆ. ಅಳತೆಗಳು ದಿನಾ ಬದಲಾಗುವ ಕೆಲಸವಿದ್ದರೆ ಸೆಟ್ ತೆಗೆದುಕೊಳ್ಳಿ. ಎರಡರಲ್ಲೂ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೇ ಇರಲಿ.