ಕೈಹೊಲಿಗೆಯ ಕೌದಿಯೋ, ಯಂತ್ರದ ಕೌದಿಯೋ?

ಧಾರವಾಡದ ನಮ್ಮ ಓಣಿಯಲ್ಲಿ ಕೌದಿ (ಹಳೆಯ ಅರಿವೆಗಳನ್ನು ಪದರಪದರವಾಗಿ ಜೋಡಿಸಿ ಹೊಲಿದ ಹೊದಿಕೆ) ಕಲಿಯಬಯಸುವವರು ಮೊದಲು ಕೇಳುವ ಪ್ರಶ್ನೆ ಇದೇ. ಒಂದೇ ಅಳತೆಯ ಚೌಕಗಳನ್ನು ಕತ್ತರಿಸಿ ಜೋಡಿಸುವವರಿಗೆ, ಪದೇ ಪದೇ ಒಗೆಯಬೇಕಾದ ಕೂಸಿನ ಹಾಸಿಗೆಗೆ, ಯಂತ್ರ ಸಾಕು. ಆದರೆ ನಾಲ್ಕೈದು ಪದರ ಹಳೆಯ ಸೀರೆ ಇಟ್ಟರೆ ಮೇಲಿನ ಅರಿವೆ ಜರುಗಿ ನೆರಿಗೆ ಬೀಳುತ್ತದೆ.

ಕೈಹೊಲಿಗೆಯಲ್ಲಿ ಆ ತೊಂದರೆ ಕಡಿಮೆ, ಏಕೆಂದರೆ ಎಡಗೈ ಅಡಿಯಲ್ಲಿದ್ದು ಪ್ರತಿ ಪದರವನ್ನೂ ತಡವಿ ನೋಡುತ್ತಿರುತ್ತದೆ. ಪಕ್ಕದ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳಲ್ಲಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಅಂಚಿನಿಂದ ಹೊಲಿಗೆ ಆರಂಭಿಸಿ, ತೇಪೆಗಳನ್ನು ಒಂದೊಂದಾಗಿ ಸೇರಿಸುತ್ತ, ಸುತ್ತುಸುತ್ತಾಗಿ ನಡುವಿಗೆ ಬಂದು ಮುಟ್ಟುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ಪುಟ್ಟ ಹೂಗಳನ್ನು ಹಚ್ಚುತ್ತಾರೆ. ಮುಂದೆ ಯಾವ ಬಣ್ಣ ಬರಬೇಕೆಂಬುದನ್ನು ಮೊದಲೇ ಗೆರೆ ಎಳೆದು ನಿರ್ಧರಿಸದ ಈ ಕ್ರಮವೇ ನನಗೆ ಅತ್ಯಂತ ಪ್ರಿಯ.

ಅದಕ್ಕಿಂತಲೂ ಹೆಚ್ಚಿನ ಸುಖ, ಹೊಲಿಗೆಗೆ ಮುಂಚೆ ಗಂಟು ಬಿಚ್ಚಿ ಅರಿವೆ ಆರಿಸುವುದರಲ್ಲಿದೆ: ಅವ್ವನ ಇಳಕಲ್ ಸೀರೆಯ ಕೆಂಪು ಸೆರಗು, ಒಗೆದೊಗೆದು ಮೆತ್ತಗಾದ ಅಪ್ಪನ ಧೋತರ, ಗುಂಡಿ ಬಿಚ್ಚಿದ ಕಡೆ ಇನ್ನೂ ಗಾಢ ಬಣ್ಣ ಉಳಿದಿರುವ ಅಂಗಿಯ ತುಂಡು. ಒಳಗೆ ಹಳೆಯ ಹತ್ತಿ ಬಟ್ಟೆಯನ್ನೇ ಇಡಿರಿ, ಹೊಸ ಅರಿವೆಯಾದರೆ ತಪ್ಪದೆ ಒಗೆದು ಒಣಗಿಸಿರಿ; ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಹೊಲಿಗೆಯನ್ನು ಜಗ್ಗುತ್ತದೆ. ಎರಡು ತಿಂಗಳ ಸಂಜೆಗಳನ್ನು ಕೊಡಬಲ್ಲವರು ಸೂಜಿಯನ್ನೇ ಹಿಡಿಯಲಿ. ಮುಂದಿನ ವಾರವೇ ಬೇಕೆನ್ನುವವರಿಗೆ ಯಂತ್ರ.