ಸದಸ್ಯರ ಪಟ್ಟಿಯನ್ನು ಯಾವ ಪ್ರೆಸ್ಸಿಗೆ ಕೊಡುವುದು? ಮೂರು ಕಡೆ ಮಾಡಿ ನೋಡಿದ ಪರೀಕ್ಷೆ

ನಮ್ಮ ಪತ್ತಿನ ಸಹಕಾರ ಸಂಘದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದಾರೆ. ಪ್ರತಿ ವರ್ಷ ಸರ್ವಸದಸ್ಯರ ಸಭೆಗೆ ಮೊದಲು ವಾರ್ಷಿಕ ವರದಿ, ಸಭೆಯ ತಿಳಿವಳಿಕೆ ಪತ್ರ, ಜೊತೆಗೆ ಆಯಾ ಸದಸ್ಯರ ಷೇರು, ಠೇವಣಿ ಮತ್ತು ಸಾಲದ ಬಾಕಿ ತೋರಿಸುವ ಒಂದು ಹಾಳೆ ಅಂಚೆಗೆ ಬೀಳಬೇಕು. ಇಷ್ಟು ವರ್ಷ ನಾವು ಮೂರು ಕೊಟೇಶನ್ ತರಿಸಿ, ಕಡಿಮೆ ದರದವರಿಗೆ ಕೆಲಸ ಕೊಟ್ಟು, ಹೆಸರು, ವಿಳಾಸ, ಮೊಬೈಲ್ ಸಂಖ್ಯೆ ಮತ್ತು ಬಾಕಿ ಮೊತ್ತಗಳಿರುವ ಎಕ್ಸೆಲ್ ಕಡತವನ್ನು ವಾಟ್ಸಾಪ್‌ನಲ್ಲಿ ಕಳಿಸಿ ಸುಮ್ಮನಾಗುತ್ತಿದ್ದೆವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಹೊರಬಿದ್ದ ಮೇಲೆ ಆಡಳಿತ ಮಂಡಳಿಯವರಿಗೆ ಚಿಂತೆ ಹತ್ತಿತು. ದತ್ತಾಂಶವನ್ನು ಕೆಲಸಕ್ಕಾಗಿ ಬೇರೆಯವರ ಕೈಗೆ ಕೊಟ್ಟರೂ ಅದರ ಹೊಣೆ ಕೊಟ್ಟವರ ಮೇಲೆಯೇ ಉಳಿಯುತ್ತದೆ ಎನ್ನುತ್ತದೆ ಕಾಯ್ದೆ. ತಕ್ಕ ರಕ್ಷಣೆ ಮಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನಾದ್ದರಿಂದ, ಕೊಟೇಶನ್ ಕೊಟ್ಟ ಮೂವರಲ್ಲಿ ಯಾರ ಕೈಯಲ್ಲಿ ಪಟ್ಟಿ ಹೆಚ್ಚು ಭದ್ರ ಎಂದು ಪರೀಕ್ಷಿಸುವ ಕೆಲಸ ನನಗೆ ಬಂತು.

ಮೂವರೂ ಬೆಂಗಳೂರಿನವರು. ಮೊದಲನೆಯದು ಪೇಟೆಯ ಕಡೆಯ, ಎರಡು ತಲೆಮಾರಿನಿಂದ ನಡೆಯುತ್ತಿರುವ ಆಫ್‌ಸೆಟ್ ಪ್ರೆಸ್. ಎರಡನೆಯದು ಮುಖ್ಯರಸ್ತೆಯ ಡಿಜಿಟಲ್ ಪ್ರಿಂಟ್ ಅಂಗಡಿ; ವಿಸಿಟಿಂಗ್ ಕಾರ್ಡಿನಿಂದ ಹಿಡಿದು ಫ್ಲೆಕ್ಸ್‌ವರೆಗೆ ಎಲ್ಲವೂ ಅಲ್ಲಿ ಆಗುತ್ತದೆ. ಮೂರನೆಯದು ಬ್ಯಾಂಕು ಮತ್ತು ವಿಮಾ ಸಂಸ್ಥೆಗಳ ಪತ್ರಗಳನ್ನು ಮುದ್ರಿಸಿ, ಲಕೋಟೆಗೆ ಹಾಕಿ ಅಂಚೆಗೆ ಕೊಡುವ ದೊಡ್ಡ ಕಂಪನಿ. ಅದರ ಸ್ವಾಗತ ಕೋಣೆಯ ಗೋಡೆಯ ಮೇಲೆ ಮಾಹಿತಿ ಭದ್ರತೆಗೆ ಕೊಡುವ ಐಎಸ್ಒ 27001 ಪ್ರಮಾಣಪತ್ರ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಹೆಸರು ಹೇಳುವುದು ಸರಿಯಲ್ಲವಾದ್ದರಿಂದ ಮುಂದೆ ಇವನ್ನು ಹಳೆಯ ಪ್ರೆಸ್, ಅಂಗಡಿ, ಕಂಪನಿ ಎಂದಷ್ಟೇ ಕರೆಯುತ್ತೇನೆ.

ಸಂಸ್ಥೆಗಳ ಸೈಬರ್ ಅಪಾಯವನ್ನು ಹೋಲಿಸುವುದಕ್ಕೆ ಈಗ ಸಿದ್ಧ ಅಂಕಪಟ್ಟಿಗಳಿವೆ. ಬಿಟ್‌ಸೈಟ್ 250ರಿಂದ 900ರವರೆಗೆ ಅಂಕ ಕೊಟ್ಟರೆ, ಸೆಕ್ಯುರಿಟಿಸ್ಕೋರ್‌ಕಾರ್ಡ್ ಶಾಲೆಯ ಹಾಗೆ ಎ, ಬಿ, ಸಿ ಎಂದು ದರ್ಜೆ ಕೊಡುತ್ತದೆ. ಇವುಗಳ ಬಹುಪಾಲು ಅಳತೆ ಹೊರಗಿನಿಂದ ಕಾಣುವುದರದ್ದು: ವೆಬ್‌ಸೈಟಿನ ಗೂಢಲಿಪೀಕರಣ (ಎನ್‌ಕ್ರಿಪ್ಷನ್) ಸರಿಯಿದೆಯೆ, ಸರ್ವರಿನ ಯಾವ ಬಾಗಿಲು ತೆರೆದಿದೆ, ಕಂಪನಿಯ ಹೆಸರಿನಲ್ಲಿ ಬೇರೆಯವರು ಇಮೇಲ್ ಕಳಿಸದಂತೆ ಎಸ್‌ಪಿಎಫ್ ಮತ್ತು ಡಿಮಾರ್ಕ್ ದಾಖಲೆಗಳನ್ನು ಇಟ್ಟಿದ್ದಾರೆಯೆ, ಇತ್ಯಾದಿ. ಅಷ್ಟು ಹಣ ಕೊಟ್ಟು ವರದಿ ತರಿಸುವ ಶಕ್ತಿ ನಮಗಿಲ್ಲದ್ದರಿಂದ ಯಾರು ಬೇಕಾದರೂ ಉಚಿತವಾಗಿ ಮಾಡಬಹುದಾದ ಪರೀಕ್ಷೆಗಳನ್ನು ನಾನೇ ಮಾಡಿದೆ. ಗೂಢಲಿಪೀಕರಣವನ್ನು ಅಳೆಯುವ ಎಸ್‌ಎಸ್‌ಎಲ್ ಲ್ಯಾಬ್ಸ್ ತಾಣದಲ್ಲಿ ಕಂಪನಿಯ ಸೈಟಿಗೆ ಎ ದರ್ಜೆ ಬಂತು, ಅಂಗಡಿಯ ಸೈಟಿಗೆ ಬಿ. ಕಂಪನಿಯ ಡಿಮಾರ್ಕ್ ದಾಖಲೆ ಇತ್ತು. ಆದರೆ ನಕಲಿ ಪತ್ರ ಬಂದರೆ ತಡೆಯಿರಿ ಎಂಬ ಸೂಚನೆ ಅದರಲ್ಲಿರಲಿಲ್ಲ, ಕೇವಲ ವರದಿ ಮಾಡಿರಿ ಎಂದಿತ್ತು. ಅಂಗಡಿಗೆ ಅದೂ ಇರಲಿಲ್ಲ. 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಿಲ್ಲಿನ ಹಣ ಇಲ್ಲಿಗೆ ಹಾಕಿ' ಎಂದು ಮುದ್ರಕರ ಹೆಸರಿನಲ್ಲಿ ಬರುವ ಸುಳ್ಳು ಪತ್ರಕ್ಕೆ ದಾರಿ ಇಲ್ಲೇ ಇರುವುದರಿಂದ ಇದನ್ನು ಸಣ್ಣ ಕೊರತೆ ಎನ್ನಲಾರೆ. ಹಳೆಯ ಪ್ರೆಸ್ಸಿಗೆ ಮಾತ್ರ ಅಂಕವೇ ಇಲ್ಲ, ಏಕೆಂದರೆ ಅದಕ್ಕೆ ವೆಬ್‌ಸೈಟೇ ಇಲ್ಲ. ಅವರದು ಸಾಮಾನ್ಯ ಜಿಮೇಲ್ ಖಾತೆ. ಮಾಲೀಕರ ಮಗಳು ಅದಕ್ಕೆ ಎರಡು ಹಂತದ ದೃಢೀಕರಣ ಹಾಕಿಕೊಟ್ಟಿದ್ದಾಳೆ. ಅಂಕಪಟ್ಟಿಯಲ್ಲಿ ಕಾಣಿಸದ ಈ ಖಾತೆ ಅಂಗಡಿಯವರ ಸ್ವಂತ ಡೊಮೇನಿನ ಇಮೇಲಿಗಿಂತ ಗಟ್ಟಿ ಎಂಬುದು ನನ್ನ ಅಭಿಪ್ರಾಯ.

ಹೊರಗಿನ ನೋಟ ಇಷ್ಟೇ ಹೇಳಬಲ್ಲದು ಎಂದು ತಿಳಿದ ಮೇಲೆ ಒಳಗಿನದನ್ನು ನೋಡಲು ನೂರು ಸಾಲಿನ ಒಂದು ಮಾದರಿ ಪಟ್ಟಿ ಮಾಡಿದೆ. ಅದರಲ್ಲಿ ನಿಜವಾದ ಸದಸ್ಯರು ಒಬ್ಬರೂ ಇರಲಿಲ್ಲ. ಮೂವರಿಗೂ ಕೊಟ್ಟ ಪಟ್ಟಿ ಮೇಲುನೋಟಕ್ಕೆ ಒಂದೇ ಆದರೂ ಪ್ರತಿಯೊಂದರಲ್ಲೂ ಒಬ್ಬ ಕಾಲ್ಪನಿಕ ಸದಸ್ಯನ ಹೆಸರಿನ ಕಾಗುಣಿತವನ್ನು ಬೇರೆ ಬೇರೆ ರೀತಿಯಲ್ಲಿ ತಪ್ಪಾಗಿ ಬರೆದು, ಆ ಹೆಸರಿನ ಮುಂದೆ ಹೊಸದಾಗಿ ಕೊಂಡ ಸಿಮ್ಮಿನ ಸಂಖ್ಯೆ ಹಾಕಿದ್ದೆ. ಅಂಚೆ ಮೂಲಕ ಜಾಹೀರಾತು ಕಳಿಸುವವರು ತಮ್ಮ ಪಟ್ಟಿ ಕದ್ದುಹೋಯಿತೆ ಎಂದು ತಿಳಿಯಲು ಬಹಳ ಕಾಲದಿಂದ ಮಾಡುತ್ತಿರುವ ಉಪಾಯವಿದು. ಎಕ್ಸೆಲ್ ಕಡತದ ಒಳಗೆ, ಅದನ್ನು ತೆರೆದ ಕೂಡಲೇ ನನಗೆ ಸುದ್ದಿ ಮುಟ್ಟಿಸುವ 'ಕ್ಯಾನರಿ ಟೋಕನ್' ಎಂಬ ಗುರುತನ್ನೂ ಇಟ್ಟೆ. ಹಿಂದೆ ಗಣಿ ಕಾರ್ಮಿಕರು ವಿಷಾನಿಲದ ಸುಳಿವಿಗಾಗಿ ಕ್ಯಾನರಿ ಹಕ್ಕಿಯನ್ನು ಒಯ್ಯುತ್ತಿದ್ದುದರಿಂದ ಬಂದ ಹೆಸರು ಅದು. ಕೆಲಸ ಮುಗಿದ ವಾರದೊಳಗೆ ಕಡತವನ್ನು ಅಳಿಸಬೇಕೆಂದು ಮೂವರಿಗೂ ಬರಹದಲ್ಲಿ ತಿಳಿಸಿದೆ; ಮೂವರೂ ಒಪ್ಪಿದರು. ಪರೀಕ್ಷೆ ಮುಗಿದ ಮೇಲೆ ಮೂವರಿಗೂ ವಿಷಯ ಹೇಳಿದ್ದೇನೆ.

ಹಳೆಯ ಪ್ರೆಸ್ಸಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ವಿಂಡೋಸ್ 7 ಇರುವ ಡಿಟಿಪಿ ಯಂತ್ರ. ಮೈಕ್ರೋಸಾಫ್ಟ್ ಅದಕ್ಕೆ ಉಚಿತ ಭದ್ರತಾ ತಿದ್ದುಪಡಿ ಕೊಡುವುದನ್ನು 2020ರ ಜನವರಿಯಲ್ಲೇ ನಿಲ್ಲಿಸಿದೆ. ಬದಲಾಯಿಸಿ ಎಂದು ಹೇಳುವುದು ಸುಲಭ. ಆದರೆ ಅಲ್ಲಿರುವುದು ಎರಡು ದಶಕಗಳ ಕನ್ನಡ ಕೆಲಸ, ಪುಟ ವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ, ಯೂನಿಕೋಡ್ ಎಂಬ ಈಗಿನ ಸಾರ್ವತ್ರಿಕ ಅಕ್ಷರ ಸಂಕೇತಕ್ಕೆ ಮುಂಚಿನ ನುಡಿ ಮತ್ತು ಶ್ರೀಲಿಪಿ ಅಕ್ಷರಗಳಲ್ಲಿ. ಹೊಸ ತಂತ್ರಾಂಶಕ್ಕೆ ಹಾಕಿದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. ಆದ್ದರಿಂದ ಕನ್ನಡದ ಅನೇಕ ಪ್ರೆಸ್ಸುಗಳಲ್ಲಿ ಹಳೆಯ ಯಂತ್ರ ಉಳಿದಿರುವುದಕ್ಕೆ ಸೋಮಾರಿತನಕ್ಕಿಂತ ಅಕ್ಷರಗಳೇ ದೊಡ್ಡ ಕಾರಣ. ಇಲ್ಲಿಯ ಮಾಲೀಕರು ಆ ಯಂತ್ರಕ್ಕೆ ಇಂಟರ್ನೆಟ್ ತಂತಿಯನ್ನೇ ಕೊಟ್ಟಿಲ್ಲ. ಕಡತ ಬರುವುದು ಮುಂದಿನ ಕೋಣೆಯ ಇನ್ನೊಂದು ಕಂಪ್ಯೂಟರಿಗೆ, ಅಲ್ಲಿಂದ ಪೆನ್‌ಡ್ರೈವಿನಲ್ಲಿ ಒಳಗೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಸುಲಿಗೆ ತಂತ್ರಾಂಶ ಹಳೆಯ ವಿಂಡೋಸ್ ಯಂತ್ರಗಳನ್ನು ಜಾಲದ ಮೂಲಕವೇ ಒಂದರಿಂದ ಒಂದಕ್ಕೆ ಹರಡಿ ಲಾಕ್ ಮಾಡಿದಾಗ ತಮ್ಮ ಪ್ರೆಸ್ಸಿಗೆ ಏನೂ ಆಗಲಿಲ್ಲ ಎಂದು ಅವರು ಹೆಮ್ಮೆಯಿಂದ ಹೇಳಿದರು. ಹೆಮ್ಮೆಗೆ ಕಾರಣವಿದೆ. ಆದರೆ ಆ ಪೆನ್‌ಡ್ರೈವ್ ದಿನಕ್ಕೆ ಹತ್ತು ಗಿರಾಕಿಗಳ ಕಡತ ಹೊತ್ತು ಮುದ್ರಣದ ಅಚ್ಚಿನ ಪ್ಲೇಟ್ ಮಾಡಿಕೊಡುವವರ ಬಳಿಗೂ ಹೋಗಿ ಬರುತ್ತದೆ ಎಂಬುದನ್ನೂ ನೋಡಿದೆ.

ಮುದ್ರಣದ ಉದ್ಯೋಗದ ಕಷ್ಟವೇ ಇದು. ಅಪರಿಚಿತರು ಕಳಿಸಿದ ಕಡತವನ್ನು ತೆರೆಯಬೇಡಿ ಎಂದು ಬ್ಯಾಂಕಿನವರಿಗೆ, ಶಾಲೆಯವರಿಗೆ ಹೇಳಬಹುದು. ಪ್ರೆಸ್ಸಿನವರಿಗೆ ಹೇಳುವಂತಿಲ್ಲ, ಏಕೆಂದರೆ ಅಪರಿಚಿತರ ಕಡತ ತೆರೆಯುವುದೇ ಅವರ ಹೊಟ್ಟೆಪಾಡು. ಪಿಡಿಎಫ್ ಮತ್ತು ಪೋಸ್ಟ್‌ಸ್ಕ್ರಿಪ್ಟ್ ಕಡತಗಳನ್ನು ಬಿಡಿಸಿ ಚುಕ್ಕೆಗಳಾಗಿ ಮಾರ್ಪಡಿಸುವ ಘೋಸ್ಟ್‌ಸ್ಕ್ರಿಪ್ಟ್ ಎಂಬ ಸಾಧನ ಬೇಕಾದಷ್ಟು ತಂತ್ರಾಂಶಗಳ ಒಳಗೆ ಅಡಗಿ ಕುಳಿತಿರುತ್ತದೆ. ಬೇಕೆಂದೇ ಕೆಡಿಸಿದ ಕಡತವೊಂದರಿಂದ ಆ ಯಂತ್ರದಲ್ಲಿ ಯಾವ ಆಜ್ಞೆಯನ್ನಾದರೂ ನಡೆಸಬಹುದಾದ ದೋಷ ಅದರಲ್ಲಿರುವುದು 2024ರಲ್ಲಿ ಬಯಲಾಯಿತು. ತಿದ್ದಿದ ಆವೃತ್ತಿಯೂ ಬಂದಿದೆ. ಮೂವರಿಗೂ ಈ ಬಗ್ಗೆ ಕೇಳಿದಾಗ ಕಂಪನಿಯ ತಂತ್ರಜ್ಞರೊಬ್ಬರಿಗೆ ಮಾತ್ರ ಅದು ಗೊತ್ತಿತ್ತು, ಮತ್ತು ತಮ್ಮಲ್ಲಿ ಎಂದು ಸರಿಪಡಿಸಿದೆವೆಂದು ದಿನಾಂಕ ತೋರಿಸಿದರು. ಈ ಒಂದು ವಿಷಯದಲ್ಲಿ ಕಂಪನಿಗೆ ಉಳಿದಿಬ್ಬರು ಸಾಟಿಯಲ್ಲ.

ಅಂಗಡಿಯ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಗಿರಾಕಿಗಳು ನಿಲ್ಲುವ ಕಡೆಗೇ ಮುಖ ಮಾಡಿದ ಪರದೆಯಲ್ಲಿ ವಾಟ್ಸಾಪ್ ವೆಬ್ ದಿನವಿಡೀ ತೆರೆದಿರುತ್ತದೆ. ನಾನು ಸಾಲಿನಲ್ಲಿ ನಿಂತಿದ್ದಾಗಲೇ ಯಾರದೋ ಆಧಾರ್ ಕಾರ್ಡು, ಯಾರದೋ ಮನೆಯ ಕ್ರಯಪತ್ರ ಓದುವಷ್ಟು ಸ್ಪಷ್ಟವಾಗಿ ಕಾಣಿಸಿದವು. ವಿನ್ಯಾಸ ಮಾಡುವ ಕೋರೆಲ್‌ಡ್ರಾ ತಂತ್ರಾಂಶ ಹಣ ಕೊಟ್ಟು ಕೊಂಡದ್ದಲ್ಲ. ಬೀಗ ಒಡೆದ ಅಂಥ ಪ್ರತಿಯ ಜೊತೆಗೆ ಇನ್ನೇನು ಬಂದಿದೆಯೋ ಯಾರೂ ಹೇಳಲಾರರು. ಯಂತ್ರ ಕೆಟ್ಟರೆ ರಿಪೇರಿಯವರು ದೂರದಿಂದಲೇ ಒಳಬರಲಿ ಎಂದು ಎನಿಡೆಸ್ಕ್ ಸದಾ ಚಾಲೂ ಇದೆ, ಅದರ ಪಾಸ್‌ವರ್ಡ್ ಪರದೆಯ ಅಂಚಿಗೇ ಅಂಟಿಸಿದೆ. ಐದೂವರೆ ವಾರಗಳ ನಂತರ ಅಂಗಡಿಗೆ ಕೊಟ್ಟ ಪಟ್ಟಿಯ ಸಿಮ್ಮಿಗೆ ಚಿನ್ನದ ಮೇಲಿನ ಸಾಲ ಬೇಕೆ ಎಂದು ಕರೆ ಬಂತು. ಇಂಥ ಕರೆಗಳು ಯಾವ ಸಂಖ್ಯೆಗಾದರೂ ಬರುತ್ತವೆ, ಹಳೆಯ ಸಂಖ್ಯೆಗಳನ್ನೇ ಮತ್ತೆ ಹಂಚುವುದರಿಂದ ಹೊಸ ಸಿಮ್ಮಿಗೂ ಬರುತ್ತವೆ. ಆದರೆ ಕರೆ ಮಾಡಿದ ಹುಡುಗಿ ನಾನು ತಪ್ಪಾಗಿ ಬರೆದಿದ್ದ ಹೆಸರನ್ನು ಆ ತಪ್ಪಿನ ಸಮೇತ ಉಚ್ಚರಿಸಿದಳು. ಅಂಗಡಿಯ ಮಾಲೀಕರಿಗೆ ಹೇಳಿದಾಗ ಅವರ ಮುಖ ಬಿಳಿಚಿಕೊಂಡಿತು. ಅವರೇ ಮಾರಿರಬಹುದು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಆ ಕುರ್ಚಿಯಲ್ಲಿ ಮೂರು ತಿಂಗಳಲ್ಲಿ ನಾಲ್ಕು ಜನ ಕೆಲಸಗಾರರು ಬದಲಾಗಿದ್ದರು.

ಕಂಪನಿಯಲ್ಲಿ ಇದಾವುದೂ ಇಲ್ಲ. ಕಡತವನ್ನು ಅವರ ಸುರಕ್ಷಿತ ತಾಣಕ್ಕೆ ಏರಿಸಬೇಕು. ಮುದ್ರಣ ಕೋಣೆಯೊಳಗೆ ಮೊಬೈಲ್ ಒಯ್ಯುವಂತಿಲ್ಲ. ಹಾಳಾದ ಹಾಳೆಗಳನ್ನು ಎಣಿಸಿ, ಕ್ಯಾಮೆರಾದ ಮುಂದೆಯೇ ಚೂರು ಮಾಡುತ್ತಾರೆ. ಆದರೂ ನನ್ನ ಕಡತದ ಹಕ್ಕಿ ನಾಲ್ಕು ಬಾರಿ ಕೂಗಿತು, ಅದರಲ್ಲಿ ಎರಡು ಬಾರಿ ಬೇರೊಂದು ನಗರದಿಂದ, ಅದೂ ರಾತ್ರಿ ಹನ್ನೊಂದರ ಮೇಲೆ. ವಿಚಾರಿಸಿದರೆ, ವಿಳಾಸಗಳನ್ನು ಸರಿಪಡಿಸುವ ಕೆಲಸವನ್ನು ಅವರು ಇನ್ನೊಂದು ಸಂಸ್ಥೆಗೆ ಒಳಗುತ್ತಿಗೆ ಕೊಟ್ಟಿದ್ದರು. ನಮಗೆ ಕಳಿಸಿದ ಕರಾರಿನ ಕರಡಿನಲ್ಲಿ ಅದರ ಹೆಸರೂ ಇರಲಿಲ್ಲ, ಸುಳಿವೂ ಇರಲಿಲ್ಲ. ಗೋಡೆಯ ಮೇಲಿನ ಪ್ರಮಾಣಪತ್ರ ಆ ಕಟ್ಟಡಕ್ಕೆ ಸಂಬಂಧಿಸಿದ್ದು, ನಮ್ಮ ಪಟ್ಟಿ ಹೋದ ಇನ್ನೊಂದು ಊರಿಗಲ್ಲ.

ದೊಡ್ಡವರ ಅಪಾಯದ ಇನ್ನೊಂದು ಮುಖವೆಂದರೆ, ಕಳ್ಳರಿಗೂ ದೊಡ್ಡ ಮನೆಯೇ ಬೇಕು. 2025ರ ಏಪ್ರಿಲ್‌ನಲ್ಲಿ ಸಿಂಗಪುರದ ಟೋಪಾನ್ ನೆಕ್ಸ್ಟ್ ಟೆಕ್ ಎಂಬ ಮುದ್ರಣ ಸಂಸ್ಥೆ ಸುಲಿಗೆ ತಂತ್ರಾಂಶಕ್ಕೆ ತುತ್ತಾದಾಗ ಡಿಬಿಎಸ್ ಬ್ಯಾಂಕಿನ ಸುಮಾರು 8,200 ಗ್ರಾಹಕರ ಪತ್ರಗಳು, ಬ್ಯಾಂಕ್ ಆಫ್ ಚೈನಾದ ಸಿಂಗಪುರ ಶಾಖೆಯ ಸುಮಾರು 3,000 ಗ್ರಾಹಕರ ಮಾಹಿತಿ ಅಪಾಯಕ್ಕೆ ಸಿಕ್ಕಿದವು. ಬ್ಯಾಂಕುಗಳ ಸ್ವಂತ ವ್ಯವಸ್ಥೆಗೆ ಕನ್ನ ಬಿದ್ದಿರಲಿಲ್ಲ. ಪತ್ರ ಅಚ್ಚು ಹಾಕುವವರ ಬಾಗಿಲು ಮುರಿದಿತ್ತು. 2022ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒನ್‌ಟಚ್‌ಪಾಯಿಂಟ್ ಎಂಬ ಮುದ್ರಣ ಮತ್ತು ಅಂಚೆ ಸೇವಾ ಸಂಸ್ಥೆಯಲ್ಲಿ ಹೀಗೆಯೇ ಆಗಿ, ಮೂವತ್ತಕ್ಕೂ ಹೆಚ್ಚು ಆರೋಗ್ಯ ಸಂಸ್ಥೆಗಳು ತಮ್ಮ ಸದಸ್ಯರಿಗೆ ಎಚ್ಚರಿಕೆ ಪತ್ರ ಬರೆಯಬೇಕಾಯಿತು. ಒಬ್ಬ ಮುದ್ರಕನ ಬಳಿ ಮೂವತ್ತು ಮನೆಗಳ ಬೀಗದ ಕೈ ಇರುತ್ತದೆ ಎಂಬುದು ದಾಳಿ ಮಾಡುವವರಿಗೆ ನಮಗಿಂತ ಮೊದಲೇ ಹೊಳೆದಿದೆ. ಹಳೆಯ ಪ್ರೆಸ್ಸಿನ ಗುಟ್ಟಿನ ಬಲ ಇಲ್ಲಿದೆ: ಅದನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ.

ಹಾಗೆಂದು ಅಲ್ಲಿ ಸೋರಿಕೆ ಇಲ್ಲವೆಂದಲ್ಲ. ಅದು ಕಾಗದದ ರೂಪದಲ್ಲಿದೆ. ಆಫ್‌ಸೆಟ್ ಯಂತ್ರದಲ್ಲಿ ಬಣ್ಣ ಮತ್ತು ಅಚ್ಚು ಹೊಂದುವವರೆಗೆ ಓಡಿಸಲು ಹಿಂದಿನ ಕೆಲಸಗಳ ಉಳಿಕೆ ಹಾಳೆಗಳನ್ನೇ ಬಳಸುತ್ತಾರೆ. ನಮ್ಮ ಮಾದರಿಗೆ ಯಂತ್ರ ಸಿದ್ಧವಾಗುತ್ತಿದ್ದಾಗ ಹೊರಬಿದ್ದ ಹಾಳೆಗಳ ಹಿಂಬದಿಯಲ್ಲಿ ಬೇರೊಂದು ಸಂಸ್ಥೆಯ ನೌಕರರ ಸಂಬಳದ ಪಟ್ಟಿಯಿತ್ತು. ಶನಿವಾರ ರದ್ದಿಯವನು ಅದನ್ನು ತೂಕಕ್ಕೆ ಹಾಕಿಕೊಂಡು ಹೋದ. ಈ ಪ್ರೆಸ್ಸಿಗೆ ಕೊಟ್ಟ ಕಡತದಲ್ಲಿ ಹಕ್ಕಿ ಕೂಗಲೇ ಇಲ್ಲ ಎಂಬುದಕ್ಕೂ ನಾನು ಹೆಚ್ಚು ಬೆಲೆ ಕೊಡುವುದಿಲ್ಲ, ಏಕೆಂದರೆ ಇಂಟರ್ನೆಟ್ ಇಲ್ಲದ ಯಂತ್ರದಿಂದ ಅದು ಕೂಗಲಾರದು.

ಡಿಜಿಟಲ್ ಯಂತ್ರಗಳ ಒಳಗಿನ ಹಾರ್ಡ್‌ಡಿಸ್ಕ್ ಬಗ್ಗೆ ಒಂದು ಮಾತು. ಬಾಡಿಗೆಗೆ ತಂದಿದ್ದ ಜೆರಾಕ್ಸ್ ಯಂತ್ರಗಳನ್ನು ಡಿಸ್ಕ್ ಅಳಿಸದೆ ಹಿಂದಿರುಗಿಸಿದ್ದಕ್ಕೆ ನ್ಯೂಯಾರ್ಕಿನ ಅಫಿನಿಟಿ ಹೆಲ್ತ್ ಪ್ಲಾನ್ 2013ರಲ್ಲಿ 12 ಲಕ್ಷ ಡಾಲರಿಗೂ ಹೆಚ್ಚು ತೆರಬೇಕಾಯಿತು. ಯಂತ್ರ ಮಾರುವಾಗ ಏನು ಮಾಡುತ್ತೀರಿ ಎಂದು ಕೇಳಿದರೆ ಕಂಪನಿ ಡಿಸ್ಕ್ ತೆಗೆದು ನಾಶ ಮಾಡುವ ನಿಯಮ ತೋರಿಸಿತು. ಅಂಗಡಿಯವರಿಗೆ ಅದರಲ್ಲಿ ಡಿಸ್ಕ್ ಇರುವುದೇ ತಿಳಿದಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಲಿಸಿದ ಪರೀಕ್ಷೆ ಖರ್ಚಿಲ್ಲದ್ದು. ಒಂದೂವರೆ ತಿಂಗಳಾದ ಮೇಲೆ ಮೂವರಿಗೂ ಕರೆ ಮಾಡಿ, ನಮ್ಮಲ್ಲಿ ಕಡತ ಕಳೆದುಹೋಗಿದೆ, ನಿಮ್ಮ ಹತ್ತಿರ ಇದ್ದರೆ ಕಳಿಸಿ ಎಂದೆ. ಅಂಗಡಿಯಿಂದ ಎರಡೇ ನಿಮಿಷದಲ್ಲಿ ವಾಟ್ಸಾಪ್‌ನಲ್ಲಿ ಬಂತು. ಹಳೆಯ ಪ್ರೆಸ್ಸಿನವರು, "ನಿಮ್ಮ ಫೈಲು ಎಲ್ಲಿ ಹೋಗುತ್ತೆ ಸಾರ್, ಇಲ್ಲೇ ಜೋಪಾನವಾಗಿದೆ" ಎಂದು ಸಂಜೆಯೊಳಗೆ ಕಳಿಸಿದರು. ಅವರ ಲೆಕ್ಕದಲ್ಲಿ ಗಿರಾಕಿಯ ಕಡತ ಕಾಪಾಡುವುದು ಸೇವೆಯ ಭಾಗ, ಅಳಿಸುವುದು ಅಪಚಾರ. ಕಂಪನಿಯ ಕಚೇರಿಯಿಂದ, ನಿಯಮದಂತೆ ಅಳಿಸಲಾಗಿದೆ ಎಂದು ಸಹಿ ಇರುವ ಪತ್ರ ಬಂತು. ಅದು ಬಂದ ಅರ್ಧ ಗಂಟೆಗೆ ಅದೇ ಕಂಪನಿಯ ಮಾರಾಟ ಪ್ರತಿನಿಧಿ, ಪಾಪ ಸಹಾಯ ಮಾಡುವ ಮನಸ್ಸಿನಿಂದ, ತನ್ನ ಇಮೇಲಿನಲ್ಲಿ ಉಳಿದಿದ್ದ ಪ್ರತಿಯನ್ನು ಹುಡುಕಿ ಕಳಿಸಿಕೊಟ್ಟ.

ಮಂಡಳಿಗೆ ನಾನು ಕೊಟ್ಟ ವರದಿಯಲ್ಲಿ ಒಬ್ಬರಿಗೇ ಎಲ್ಲ ಕೆಲಸ ಕೊಡಬಾರದೆಂದು ಬರೆದೆ. ವಾರ್ಷಿಕ ವರದಿ, ಲಕೋಟೆ, ತಿಳಿವಳಿಕೆ ಪತ್ರಗಳಲ್ಲಿ ಯಾರ ಗುಟ್ಟೂ ಇಲ್ಲ; ಅವು ಹಳೆಯ ಪ್ರೆಸ್ಸಿಗೆ, ಯಾವ ಪಟ್ಟಿಯನ್ನೂ ಕೊಡದೆ. ವಿಳಾಸದ ಚೀಟಿಗಳನ್ನು ನಮ್ಮ ಕಚೇರಿಯ ಲೇಸರ್ ಪ್ರಿಂಟರಿನಲ್ಲೇ ಎರಡು ದಿನ ಕುಳಿತು ತೆಗೆಯುತ್ತೇವೆ. ಬಾಕಿಯ ವಿವರದ ಹಾಳೆಗಳು ಮಾತ್ರ ಕಂಪನಿಗೆ, ಮೊಬೈಲ್ ಸಂಖ್ಯೆಯ ಅಂಕಣವನ್ನು ತೆಗೆದುಹಾಕಿ. ಅದು ಅವರಿಗೆ ಬೇಕಾಗಿಯೇ ಇರಲಿಲ್ಲ, ನಾವೇ ಇಷ್ಟು ವರ್ಷ ಸುಮ್ಮನೆ ಕಳಿಸುತ್ತಿದ್ದೆವು. ಒಳಗುತ್ತಿಗೆಗೆ ನಮ್ಮ ಲಿಖಿತ ಒಪ್ಪಿಗೆ ಬೇಕು, ಸೋರಿಕೆ ತಿಳಿದ ಕೂಡಲೇ ನಮಗೆ ತಿಳಿಸಬೇಕು, ಇಮೇಲಿನಲ್ಲಿ ಕಡತ ಇಟ್ಟುಕೊಳ್ಳಬಾರದು ಎಂಬ ಷರತ್ತುಗಳನ್ನು ಕಂಪನಿಯ ಕಾನೂನು ವಿಭಾಗ ಹತ್ತೊಂಬತ್ತು ದಿನ ಓದಿ ಒಪ್ಪಿತು. ಪಟ್ಟಿಯಲ್ಲಿ ಪರೀಕ್ಷಾರ್ಥ ಹೆಸರು ಸೇರಿಸುವ ಹಕ್ಕು ಸಂಘಕ್ಕಿದೆ ಎಂಬ ಒಂದು ಸಾಲನ್ನು ಮಾತ್ರ ಅವರು ಹೊಡೆದುಹಾಕಿದರು. ನಾನು ವಾದಿಸಲಿಲ್ಲ. ಪಟ್ಟಿ ಮಾಡುವವರು ನಾವೇ. ಈ ವರ್ಷದ್ದರಲ್ಲಿ ಇಲ್ಲದ ಸದಸ್ಯರು ಆರು ಜನ ಇದ್ದಾರೆ.