ಚಾರ್ಟಿನ ಲಿಂಕ್ ಬಿಡಿಸಲು ಎಫ್‌9 ಸಾಕೋ, ಮ್ಯಾಕ್ರೋ ಬೇಕೋ?

ಜನವರಿ ವರದಿಯ ಚಾರ್ಟ್ ಜನವರಿಯ ಅಂಕಿಗಳನ್ನೇ ತೋರಿಸಬೇಕು, ಅಲ್ವಾ? ಎಕ್ಸೆಲ್‌ಗೆ ಅದು ಗೊತ್ತಿಲ್ಲ. ಅದೇ ಸೆಲ್‌ಗಳಲ್ಲಿ ಫೆಬ್ರವರಿಯ ಅಂಕಿ ತುಂಬಿದ ಕೂಡಲೇ ಹಳೆಯ ಚಾರ್ಟೂ ಬದಲಾಗುತ್ತದೆ. ಈ ನಂಟು ಬಿಡಿಸುವ ದಾರಿಗಳನ್ನು ಒಂದೊಂದಾಗಿ ಬಳಸಿ ನೋಡಿದ್ದೇನೆ.

ಎಲ್ಲಕ್ಕಿಂತ ಸುಲಭದ್ದು ಚಿತ್ರವಾಗಿ ಪೇಸ್ಟ್ ಮಾಡುವುದು. ಚಾರ್ಟ್ ಕಾಪಿ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ಪಿಕ್ಚರ್ ಆರಿಸಿದರೆ ಮುಗಿಯಿತು. ಆಮೇಲೆ ಒಂದು ಬಾರ್‌ನ ಬಣ್ಣ ಬದಲಿಸುತ್ತೇನೆಂದರೂ ಆಗುವುದಿಲ್ಲ. ಆದರೂ ಹೊರಗಿನವರಿಗೆ ಕಳಿಸುವಾಗ ನನಗೆ ಇದೇ ಇಷ್ಟ, ಏಕೆಂದರೆ ಚಿತ್ರದ ಹಿಂದೆ ಡೇಟಾ ಇರುವುದಿಲ್ಲ. ಪವರ್‌ಪಾಯಿಂಟ್‌ನಲ್ಲಿ ವರ್ಕ್‌ಬುಕ್ ಸಮೇತ ಎಂಬೆಡ್ ಮಾಡಿದರೆ ಇಡೀ ಫೈಲೇ ಒಳಗೆ ಹೋಗಿ ಕೂರುತ್ತದೆ. ಅದರಲ್ಲಿ ಸಂಬಳದ ಶೀಟ್ ಇದ್ದರೆ ಅದೂ ಜೊತೆಗೆ ಹೋಯಿತು!

ಚಾರ್ಟ್ ಚಾರ್ಟಾಗಿಯೇ ಉಳಿಯಬೇಕು ಅಂದರೆ ಎಫ್‌9. ಒಂದು ಸೀರೀಸ್ (ಚಾರ್ಟಿನ ಒಂದು ಗೆರೆ ಅಥವಾ ಒಂದೇ ಬಣ್ಣದ ಬಾರ್‌ಗಳ ಗುಂಪು) ಮೇಲೆ ಕ್ಲಿಕ್ ಮಾಡಿದರೆ ಫಾರ್ಮುಲಾ ಬಾರ್‌ನಲ್ಲಿ ಅದರ ಫಾರ್ಮುಲಾ ಕಾಣುತ್ತದೆ. ಅಲ್ಲಿ ಕ್ಲಿಕ್ ಮಾಡಿ ಎಫ್‌9 ಒತ್ತಿ, ಎಂಟರ್ ಕೊಡಿ. ಸೆಲ್ ವಿಳಾಸಗಳಿದ್ದ ಜಾಗಕ್ಕೆ ಅಂಕಿಗಳೇ ಬರುತ್ತವೆ. ತಾರೀಖುಗಳು ಮಾತ್ರ ಬರೀ ಸಂಖ್ಯೆಯಾಗುತ್ತವೆ: 2024ರ ಜನವರಿ 1 ಅಲ್ಲಿ 45292 ಆಗಿರುತ್ತದೆ. ಎರಡು ಮೂರು ಸೀರೀಸ್ ಇದ್ದರೆ ಇದು ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಬೇಜಾರು ಬರುತ್ತದೆ, ಏಕೆಂದರೆ ಒಂದು ಸಲಕ್ಕೆ ಒಂದೇ ಸೀರೀಸ್.

ಮ್ಯಾಕ್ರೋ, ಅಂದರೆ ಎಕ್ಸೆಲ್ ಒಳಗೇ ಓಡುವ ಪುಟ್ಟ ಪ್ರೋಗ್ರಾಂ, ಮಾಡುವುದೂ ಇದೇ ಕೆಲಸವನ್ನೇ. ಪ್ರತಿ ಸೀರೀಸ್‌ನ ಹೆಸರು, ಎಕ್ಸ್ ಬೆಲೆಗಳು (ಅಡ್ಡ ಅಕ್ಷದವು), ವೈ ಬೆಲೆಗಳು (ಅಂಕಿಗಳು) ಮೂರನ್ನೂ ಓದಿ ಅವಕ್ಕೇ ಮತ್ತೆ ಕೊಡುವ, ಒಂದೊಂದು ಸೀರೀಸ್‌ಗೂ ಮತ್ತೆ ಓಡುವ ಮೂರು ಸಾಲಿನ ಲೂಪ್. ಶೀಟ್ ತುಂಬ ಚಾರ್ಟ್‌ಗಳಿದ್ದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ತೊಡಕು ಇರುವುದು ಉದ್ದದಲ್ಲಿ. ಮ್ಯಾಕ್ರೋ ಮೂಲಕ ಕೊಡುವ ಪಟ್ಟಿ ಸುಮಾರು 250 ಅಕ್ಷರ ದಾಟಿದರೆ 1004 ಎಂಬ ಎರರ್ ಬರಬಹುದು. 0.333333333333333 ಎಂಬ ಒಂದೇ ಬೆಲೆ 17 ಅಕ್ಷರ ತಿನ್ನುತ್ತದೆ. ಅಂಥವು ಹದಿನಾಲ್ಕು ಸೇರಿದರೆ ಜಾಗ ಖಾಲಿ. ಅದಕ್ಕೇ ನನ್ನ ಮ್ಯಾಕ್ರೋದಲ್ಲಿ ಮೊದಲು ಎರಡು ದಶಮಾಂಶಕ್ಕೆ ರೌಂಡ್ ಮಾಡುತ್ತೇನೆ. ಆಗ 0.33 ತರಹದ ಐವತ್ತರಷ್ಟು ಬೆಲೆಗಳು ಹಿಡಿಸುತ್ತವೆ. ಚಾರ್ಟಿನ ಮೇಲೆ ಆ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ವಿಷಯ. ಚಾರ್ಟಿನ ಶೀರ್ಷಿಕೆ ಯಾವುದೋ ಸೆಲ್‌ಗೆ ಲಿಂಕ್ ಆಗಿದ್ದರೆ ಈ ಲೂಪ್ ಅದನ್ನು ಮುಟ್ಟುವುದಿಲ್ಲ. ಅಂಕಿ ಜನವರಿಯದ್ದೇ ಉಳಿದು, ತಲೆಬರಹ ಫೆಬ್ರವರಿ ಆಗಿಬಿಡುತ್ತದೆ. ಶೀರ್ಷಿಕೆಗೆ ಬೇರೆ ಸಾಲು ಬರೆಯಬೇಕು. ಮ್ಯಾಕ್ರೋ ಓಡಿದ ಮೇಲೆ ಕಂಟ್ರೋಲ್ ಝಡ್ ಕೂಡ ಉಪಯೋಗಕ್ಕೆ ಬರುವುದಿಲ್ಲ, ಹಾಗಾಗಿ ಫೈಲಿನ ಕಾಪಿ ಮೇಲೆಯೇ ಓಡಿಸುವುದು ಒಳ್ಳೆಯದು.

ವರ್ಷವಿಡೀ ದಿನಕ್ಕೊಂದರಂತೆ 365 ಅಂಕಿಗಳಿದ್ದರೆ ಮ್ಯಾಕ್ರೋ ಜೊತೆ ಸುಮ್ನೆ ಗುದ್ದಾಡುವುದಿಲ್ಲ. ಡೇಟಾ, ಚಾರ್ಟ್ ಎರಡೂ ಇರುವ ಶೀಟನ್ನೇ ಹೊಸ ವರ್ಕ್‌ಬುಕ್‌ಗೆ ಕಾಪಿ ಮಾಡಿ, ಸೆಲ್‌ಗಳ ಮೇಲೆ ಪೇಸ್ಟ್ ವ್ಯಾಲ್ಯೂಸ್ ಮಾಡುತ್ತೇನೆ, ಅಂದರೆ ಫಾರ್ಮುಲಾ ಹೋಗಿ ಅಂಕಿ ಮಾತ್ರ ಉಳಿಯುತ್ತದೆ. ಚಾರ್ಟಿಗೂ ಸೆಲ್‌ಗಳಿಗೂ ಇರುವ ಲಿಂಕ್ ಹೋಗುವುದಿಲ್ಲ, ಆದರೆ ಹಳೆಯ ಫೈಲಿನಲ್ಲಿ ಏನೇ ಬದಲಾದರೂ ಈ ಚಾರ್ಟ್ ತೋರಿಸುವ ಅಂಕಿಗಳು ಬದಲಾಗುವುದಿಲ್ಲ. ಈ ಹೊಸ ಫೈಲಿನಲ್ಲೇ ಯಾರಾದರೂ ಸೆಲ್ ತಿದ್ದಿದರೆ ಮಾತ್ರ ಚಾರ್ಟೂ ಅಲುಗಾಡುತ್ತದೆ. ಅದಕ್ಕೆ ಶೀಟ್ ಪ್ರೊಟೆಕ್ಟ್ ಮಾಡಿಡುತ್ತೇನೆ.